ಹಿಂಭಾರದ ಲೆಕ್ಕ

ಮೋಟರ್‌ಹೋಮನ್ನು ಕೊಂಡು ಅಮೆರಿಕದ ಹೆದ್ದಾರಿಗಳಲ್ಲಿ ಸಂಚರಿಸಲಾರಂಭಿಸಿದ ಸಂಸಾರವು, ಮಲಗಲು ಮಂಚ, ಅಡುಗೆಗೆ ಒಲೆ, ಸ್ನಾನಕ್ಕೆ ಬಿಸಿನೀರು ಇವೆಲ್ಲವೂ ಚಕ್ರಗಳ ಮೇಲೆಯೇ ಒದಗಿಬಂದ ತರುವಾಯ, ಸೈಕಲುಗಳನ್ನೂ ಜೊತೆಗೆ ಒಯ್ಯುವಂತಾದರೆ ಎಷ್ಟು ಚೆನ್ನಾಗಿದ್ದೀತು ಎಂದು ಆಲೋಚಿಸುವುದು ಸಹಜವೇ ಆಗಿದೆ. ಈ ಅಭಿಲಾಷೆಯು ಕೇವಲ ವಿನೋದದಿಂದ ಹುಟ್ಟಿದ್ದಲ್ಲ. ಅದಕ್ಕೆ ಹಣದ ಸಮರ್ಥನೆಯೂ ಉಂಟು. ಗ್ಯಾಲನ್ನಿಗೆ ಎಂಟೊಂಬತ್ತು ಮೈಲಿಗಿಂತ ಹೆಚ್ಚು ಓಡದ ಮೂವತ್ತಡಿಯ ವಾಹನವನ್ನು ಶಿಬಿರದಲ್ಲಿ ಮಟ್ಟಸವಾಗಿ ನಿಲ್ಲಿಸಿ, ನೆರಳಿನ ಪರದೆಯನ್ನು ಬಿಚ್ಚಿ, ಪಾತ್ರೆಪರಟಿಗಳನ್ನು ಹೊರಕ್ಕೆ ತೆಗೆದಮೇಲೆ, ಹಾಲು ತರುವುದಕ್ಕೋ ಜಲಪಾತ ನೋಡುವುದಕ್ಕೋ ಮತ್ತೆ ಮತ್ತೆ ಕದಲಿಸುವುದು ಇಂಧನಕ್ಕೂ ನಷ್ಟ, ಮೈಗೂ ಆಯಾಸ. ಯೊಸೆಮಿಟಿ ಕಣಿವೆಯೊಂದರಲ್ಲಿಯೇ 12 ಮೈಲಿಗೆ ಮಿಕ್ಕಿ ಡಾಂಬರು ಹಾಸಿದ ಸೈಕಲ್ ಹಾದಿಗಳಿವೆ. ಬೇಸಿಗೆಯ ದಿನಗಳಲ್ಲಿ ದೊಡ್ಡ ವಾಹನಕ್ಕೆ ನಿಲುಗಡೆಯ ಜಾಗ ಸಿಕ್ಕದೆ ಜನರು ಪರದಾಡುತ್ತಿರುವಾಗ, ಸೈಕಲಿನವನು ನದಿಯ ದಡವನ್ನು ಹಿಡಿದು ನಿರಾತಂಕವಾಗಿ ಸಾಗುತ್ತಾನೆ.

ಆದರೆ ಸೈಕಲ್ ರ‍್ಯಾಕನ್ನು ಕೊಳ್ಳಲು ಹೊರಟವರು, ನಮ್ಮ ಕನ್ನಡ ಕೂಟದ ಮಿತ್ರರನ್ನೂ ಸೇರಿಸಿ, ನನ್ನನ್ನು ಮೊತ್ತಮೊದಲು ಕೇಳುವ ಪ್ರಶ್ನೆ "ರ‍್ಯಾಕಿಗೆ ಎಷ್ಟು ಕೊಟ್ಟಿರಿ?" ಎಂಬುದು. ಬೆಲೆಯನ್ನು ಹೇಳಲು ನನಗೆ ಸಂಕೋಚವಿಲ್ಲ. ಮುಂದೆ ಹೇಳಿಯೂ ಹೇಳುತ್ತೇನೆ. ಆದರೆ ಪೌಂಡುಗಳ ಲೆಕ್ಕವನ್ನು ಮುಗಿಸದೆ ಡಾಲರುಗಳ ಲೆಕ್ಕಕ್ಕೆ ಕೈಹಾಕಿದವನು ರ‍್ಯಾಕನ್ನು ಎರಡು ಸಲ ಕೊಳ್ಳಬೇಕಾದೀತೆಂಬುದೂ, ದುರದೃಷ್ಟವಿದ್ದರೆ ಸೈಕಲುಗಳನ್ನೇ ಎರಡು ಸಲ ಕೊಳ್ಳಬೇಕಾದೀತೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಟ್ರೇಲರನ್ನು ಎಳೆಯುವುದಕ್ಕಾಗಿ ವಾಹನದ ಹಿಂಬದಿಯ ಅಡಿಯಲ್ಲಿ ಬಿಗಿದಿರುವ ಹಿಚ್ಚಿನ ನಡುವೆ ಚೌಕಾಕಾರದ ಉಕ್ಕಿನ ಕೊಳವೆಯೊಂದಿರುತ್ತದೆ, ಇದೇ ರಿಸೀವರ್. ಸಣ್ಣ ಕಾರುಗಳಲ್ಲಿ ಇದರ ಬಾಯಿ ಒಂದೂಕಾಲು ಅಂಗುಲ, ಮೋಟರ್‌ಹೋಮುಗಳಲ್ಲಿ ಸಾಮಾನ್ಯವಾಗಿ 2 ಅಂಗುಲ. ಅದರ ಮಗ್ಗುಲಲ್ಲಿ ಅಂಟಿಸಿರುವ ಚೀಟಿಯಲ್ಲಿ ಎರಡು ಸಂಖ್ಯೆಗಳನ್ನು ನಮೂದಿಸಿರುತ್ತಾರೆ. ನಮ್ಮ ವಾಹನದಲ್ಲಿ ಎಳೆಯಬಹುದಾದ ಒಟ್ಟು ತೂಕ 5,000 ಪೌಂಡು, ಹಿಚ್ಚಿನ ಮೇಲೆ ನೇರವಾಗಿ ಕೆಳಕ್ಕೆ ಒತ್ತಬಹುದಾದ ತೂಕ 500 ಪೌಂಡು. ಸೈಕಲುಗಳಿಗೆ ಸಂಬಂಧಪಟ್ಟದ್ದು ಈ ಎರಡನೆಯ ಸಂಖ್ಯೆ ಮಾತ್ರ, ಅದೂ ಪೂರ್ಣವಾಗಿ ಅಲ್ಲ. ಏಕೆಂದರೆ ಟ್ರೇಲರಿಗೆ ತನ್ನದೇ ಆದ ಚಕ್ರಗಳಿವೆ. ತನ್ನ ಭಾರದ ಬಹುಪಾಲನ್ನು ಅದೇ ನೆಲಕ್ಕೆ ಊರಿಕೊಂಡು ಬರುತ್ತದೆ. ರ‍್ಯಾಕಿಗೆ ನೆಲದ ಆಸರೆಯಿಲ್ಲ. ಅದರ ಭಾರವೆಲ್ಲವೂ ರಿಸೀವರಿನಿಂದ ಎರಡಡಿ ಆಚೆಗೆ, ಗಾಳಿಯಲ್ಲಿಯೇ ನಿಲ್ಲತಕ್ಕದ್ದು. ಸೊಂಟಕ್ಕೆ ಒರಗಿಸಿಕೊಂಡಾಗ ಹಗುರವೆನಿಸಿದ ಬಿಂದಿಗೆಯು ತೋಳು ಚಾಚಿ ಹಿಡಿದಾಗ ಕ್ಷಣಾರ್ಧದಲ್ಲಿ ಅಸಹನೀಯವಾಗುವುದಷ್ಟೆ. ಸಾಲದುದಕ್ಕೆ, ಮೋಟರ್‌ಹೋಮಿನ ಒಡಲು ಹಿಂದಿನ ಆಕ್ಸಲಿನಿಂದಾಚೆಗೆ ಹತ್ತಡಿಯವರೆಗೂ ಚಾಚಿಕೊಂಡಿರುವುದರಿಂದ, ರಸ್ತೆಯ ಹಳ್ಳವೊಂದು ಚಾಲಕನಿಗೆ ಸಣ್ಣ ತೂಗಾಟವೆಂದು ತೋರಿದಾಗ ಹಿಂತುದಿಯು ಅದರ ಎಷ್ಟೋ ಪಾಲು ಮೇಲೆದ್ದು ಕುಸಿಯುತ್ತದೆ; ನಿಂತಲ್ಲಿ 180 ಪೌಂಡು ತೂಗುವ ಹೊರೆ ಕುಸಿದೇಳುವ ಆ ಕ್ಷಣದಲ್ಲಿ ಅದರ ಇಮ್ಮಡಿಯಾಗಿ ಉಕ್ಕನ್ನು ಜಗ್ಗೀತು.

ಇದನ್ನೆಲ್ಲ ಮನಗಂಡು, ರ‍್ಯಾಕನ್ನು ಕೊಳ್ಳುವುದಕ್ಕೆ ಮುಂಚೆ, ಹಿಚ್ಚುಗಳನ್ನು ಜೋಡಿಸುವ ವರ್ಕ್‌ಶಾಪೊಂದಕ್ಕೆ ವಾಹನವನ್ನು ಒಯ್ದೆ. ಅಲ್ಲಿನ ಮೆಕ್ಯಾನಿಕ್ ಚಕ್ರದ ಹಲಗೆಯ ಮೇಲೆ ಅಂಗಾತ ಮಲಗಿ ಅಡಿಗೆ ಸರಿದು, ನನ್ನನ್ನೂ ಬಗ್ಗಿ ನೋಡಹೇಳಿ, ಟಾರ್ಚಿನ ಬೆಳಕಿನಲ್ಲಿ ಒಂದು ಸ್ಥಳವನ್ನು ತೋರಿಸಿದ. ಫೋರ್ಡ್ ಕಂಪನಿಯ ದಪ್ಪನೆಯ ಚಾಸಿ ಅಲ್ಲಿಗೆ ಮುಗಿದು, ಮನೆಯ ಭಾಗವನ್ನು ಕಟ್ಟಿದವರು ಬೆಸೆದ ತೆಳುವಾದ ತೊಲೆಗಳು ಅಲ್ಲಿಂದ ಮುಂದುವರಿದಿದ್ದುವು. ಹಿಚ್ ನಿಂತಿದ್ದುದು ಈ ತೊಲೆಗಳ ಮೇಲೆ. ಸ್ಕ್ರೂಡ್ರೈವರಿನ ತುದಿಯಿಂದ ಬೆಸುಗೆಯುದ್ದಕ್ಕೂ ತುಕ್ಕನ್ನು ಕೆರೆದು, ಕೂದಲೆಳೆಯಷ್ಟಾದರೂ ಬಿರುಕಿದೆಯೇ ಎಂದು ಹುಡುಕಿ, ಇಲ್ಲವೆಂದು ಖಚಿತವಾದ ಮೇಲೆ ಬೋಲ್ಟುಗಳನ್ನು ಅಳತೆಯ ಪಾನದಿಂದ ಬಿಗಿದು, ಪ್ರತಿಯೊಂದು ನಟ್ಟಿನ ಮೇಲಿನಿಂದ ಚಾಸಿಯವರೆಗೆ ಹಳದಿ ಬಣ್ಣದ ಒಂದು ಗೆರೆಯನ್ನು ಎಳೆದ. ನಟ್ಟು ಸಡಿಲಿದರೆ ಗೆರೆ ತುಂಡಾಗಿ ಕಾಣುತ್ತದೆ. ಪಾನವಿಲ್ಲದೆಯೇ, ಬಗ್ಗಿ ನೋಡಿದ ಮಾತ್ರಕ್ಕೆ, ಯಜಮಾನನಿಗೆ ಸ್ಥಿತಿ ತಿಳಿಯುತ್ತದೆ. ಈ ಪರೀಕ್ಷೆಗೆ ನಾನು ತೆತ್ತ 90 ಡಾಲರು ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ವ್ಯಯವೆಂದು ಇಂದಿಗೂ ನಂಬಿದ್ದೇನೆ.

ಇನ್ನು ಉಳಿದದ್ದು ಸನ್ನೆಗೋಲಿನ ಲೆಕ್ಕ. ನಮ್ಮ ವಾಹನದ ಎರಡು ಆಕ್ಸಲುಗಳ ನಡುವಣ ಅಂತರ 18 ಅಡಿ. ಸೈಕಲುಗಳು ನಿಲ್ಲುವುದು ಹಿಂದಿನ ಆಕ್ಸಲಿನಿಂದ 12 ಅಡಿ ಹಿಂದಕ್ಕೆ. ರ‍್ಯಾಕಿನ ತೂಕ 60 ಪೌಂಡು, ಬ್ಯಾಟರಿ ಕಳಚಿದ ಎಲೆಕ್ಟ್ರಿಕ್ ಸೈಕಲುಗಳು ಒಂದೊಂದೂ 60 ಪೌಂಡು, ಒಟ್ಟು 180. ಈ ಭಾರವು ಹಿಂತುದಿಯನ್ನು ಒತ್ತಿದಾಗ ಮುಂದಿನ ಆಕ್ಸಲಿನಿಂದ 120 ಪೌಂಡು ಮೇಲೆದ್ದು ಹಿಂದಕ್ಕೆ ವರ್ಗವಾಗುತ್ತದೆ. ಆದುದರಿಂದ ಹಿಂದಿನ ಆಕ್ಸಲಿಗೆ ಬೀಳುವ ಹೆಚ್ಚುವರಿ ಹೊರೆ 180 ಅಲ್ಲ, 300 ಪೌಂಡು. ಇದನ್ನು ಕಾಗದದ ಮೇಲೆ ಕಂಡುಕೊಂಡರೆ ಸಾಲದು. 1977ರಲ್ಲಿ ಅಯೋವಾದ ವಾಲ್‌ಕಾಟಿನಲ್ಲಿ ಪ್ರಾರಂಭವಾಗಿ ಈಗ ದೇಶದ ಲಾರಿ ತಂಗುದಾಣಗಳಲ್ಲೆಲ್ಲ ಕಾಣಸಿಗುವ ಕ್ಯಾಟ್ ಸ್ಕೇಲಿನ ತೂಗುಕಟ್ಟೆಯು ಆಕ್ಸಲುಗಳನ್ನು ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತದೆ. ಅದೇ ದಿನ ಮತ್ತೆ ತೂಗಿಸಿದರೆ ಶುಲ್ಕವೂ ಅತ್ಯಲ್ಪ. ನೀರಿನ ತೊಟ್ಟಿ ಅರ್ಧ ತುಂಬಿದ್ದಾಗ ನಮ್ಮ ಹಿಂದಿನ ಆಕ್ಸಲ್ ತೂಗಿದ್ದು 9,180 ಪೌಂಡು. ಫೋರ್ಡ್ ಇ-450 ಚಾಸಿಯ ಹಿಂದಿನ ಆಕ್ಸಲಿಗೆ ಮಿತಿ 9,600. ಸೈಕಲುಗಳ 300 ಸೇರಿದರೆ ಉಳಿಯುವ ಅವಕಾಶ 120 ಪೌಂಡು ಮಾತ್ರ. ನೀರು ಗ್ಯಾಲನ್ನಿಗೆ ಎಂಟು ಪೌಂಡಿಗೂ ಮಿಕ್ಕಿ ತೂಗುವುದರಿಂದಲೂ, ನಮ್ಮ 40 ಗ್ಯಾಲನ್ನಿನ ತೊಟ್ಟಿಯು ಹಿಂದಿನ ಮಂಚದ ಕೆಳಗೇ ಇರುವುದರಿಂದಲೂ, ಸೈಕಲುಗಳಿದ್ದಾಗ ತೊಟ್ಟಿಯನ್ನು ಪೂರ್ತಿ ತುಂಬಿಸಲಾಗದೆಂಬ ಸಂಗತಿ ಹೀಗೆ ತೂಗಿದ್ದರಿಂದಲೇ ತಿಳಿದುಬಂತು. ಅಂದಿನಿಂದ ಕಾಲುಭಾಗ ನೀರಿನೊಡನೆ ಹೊರಟು, ಶಿಬಿರದ ನಲ್ಲಿಯಲ್ಲಿ ಉಳಿದದ್ದನ್ನು ತುಂಬಿಸಿಕೊಳ್ಳುತ್ತೇವೆ.

ರ‍್ಯಾಕಿನ ಆಯ್ಕೆಯನ್ನು ಈ ಅಂಕಿಗಳೇ ಮಾಡಿಕೊಟ್ಟವು. 200 ಡಾಲರಿಗೆ ದೊರೆಯುವ, ಸೈಕಲಿನ ಚೌಕಟ್ಟನ್ನು ನೇತುಹಾಕುವ ಬಗೆಯದು ಕಾರುಗಳಿಗೆ ಯೋಗ್ಯವೇ ಹೌದು. ಆದರೆ ಅನೇಕ ತಯಾರಕರ ಕೈಪಿಡಿಗಳ ಸಣ್ಣಕ್ಷರಗಳಲ್ಲಿ, ಮೋಟರ್‌ಹೋಮಿಗೆ ಬಳಸಿದರೆ ಖಾತರಿ ಅನ್ವಯಿಸದೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಮೋಟರ್‌ಹೋಮಿಗೆಂದೇ ಅನುಮೋದಿತವಾದ, ಚಕ್ರಗಳನ್ನು ತಟ್ಟೆಯಲ್ಲಿ ನಿಲ್ಲಿಸುವ ಬಗೆಗೆ ನಾನು 640 ಡಾಲರ್ ಕೊಟ್ಟೆ. ಅಲುಗಾಟವನ್ನು ತಡೆಯುವ ಬಿಗಿಪಟ್ಟಿ ಮತ್ತು ಬೀಗದ ಪಿನ್ನಿಗೆ 75, ನಂಬರ್ ಪ್ಲೇಟನ್ನು ಹೊರಕ್ಕೆ ತಂದು ನಿಲ್ಲಿಸುವ ದೀಪಸಹಿತ ಪಟ್ಟಿಗೆ 35. ಈ ಕೊನೆಯದನ್ನು ಯಾರೂ ಅಲಕ್ಷಿಸಬಾರದು. ಪ್ಲೇಟು ನಿಚ್ಚಳವಾಗಿ ಕಾಣುತ್ತಿರಬೇಕೆಂದು ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 5201ನೆಯ ಕಲಮು ವಿಧಿಸುತ್ತದೆ. ಪರೀಕ್ಷೆಯ ಹಣವನ್ನೂ ತೂಕದ ಶುಲ್ಕವನ್ನೂ ಕೂಡಿಸಿದರೆ ಒಟ್ಟು 860 ಡಾಲರಿಗೆ ಸಮೀಪ. ವಿಮೆಯ ವಿಚಾರದಲ್ಲಿಯೂ ಎಚ್ಚರ ಅಗತ್ಯ: ವಾಹನದ ವಿಮೆಯು ಸಾಮಾನ್ಯವಾಗಿ ವಾಹನಕ್ಕೆ ಹೊರತು ಹಿಂದೆ ಕಟ್ಟಿದ ಸೈಕಲಿಗಲ್ಲ, ಮನೆಯ ವಿಮೆ ಸೈಕಲಿಗೆ ಅನ್ವಯಿಸಿದರೂ ಡಿಡಕ್ಟಿಬಲ್ ಎಂಬ ಮೊದಲ ಮೊತ್ತವನ್ನು ನಾವೇ ಭರಿಸತಕ್ಕದ್ದು, ಮತ್ತು ಎಲೆಕ್ಟ್ರಿಕ್ ಸೈಕಲುಗಳನ್ನು ಮೋಟಾರು ವಾಹನವೆಂದು ಪರಿಗಣಿಸಿ ಹೊರಗಿಡುವ ಪಾಲಿಸಿಗಳೂ ಉಂಟು.

ಈ ಪಟ್ಟಿಯನ್ನೆಲ್ಲ ಓದಿಹೇಳಿದಾಗ ಮನೆಯಾಕೆ ಕೇಳಿದ ಪ್ರಶ್ನೆ ಎಲ್ಲ ಲೆಕ್ಕಕ್ಕಿಂತ ಮಿಗಿಲಾದದ್ದು: "ರೀ, ಅಲ್ಲೇ ಬಾಡಿಗೆಗೆ ಸೈಕಲ್ ಸಿಗೋದಿಲ್ವೇ?" ಸಿಗುತ್ತದೆ. ನಾವು ಹೋದೆಡೆಗಳಲ್ಲಿ ಸಾಧಾರಣ ಸೈಕಲಿಗೆ ದಿನಕ್ಕೆ 40 ಡಾಲರಿನ ಆಸುಪಾಸು; ಇಬ್ಬರಿಗೆ 80. ಹನ್ನೊಂದು ದಿನಗಳ ಸವಾರಿಗೆ ನಮ್ಮ ವೆಚ್ಚ ಸರಿದೂಗುತ್ತದೆ. ವರ್ಷಕ್ಕೆ ಎರಡು ದಿನ ಮಾತ್ರ ತುಳಿಯುವ ಸಂಸಾರಕ್ಕೆ ಐದು ವರ್ಷಗಳಾದರೂ ಬೇಕು. ಅಂಥವರು ಬಾಡಿಗೆಗೆ ಪಡೆಯುವುದೇ ವಿಹಿತವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಹತ್ತಿರದ ತಾಣಗಳಿಗೆ ಪದೇ ಪದೇ ಹೋಗಿ, ಬಂದ ಪ್ರತಿ ಮುಂಜಾನೆಯೂ ಸವಾರಿಗೆ ಹೊರಡುವ ನಮ್ಮಂಥವರಿಗೆ ರ‍್ಯಾಕು ತನ್ನ ಬೆಲೆಯನ್ನು ಬೇಗನೆ ತೀರಿಸುತ್ತದೆ.

ಆದರೆ ಬರುವ ಶರದೃತುವಿನ ಗ್ರ್ಯಾಂಡ್ ಕ್ಯಾನಿಯನ್ ಯಾತ್ರೆಗೆ ನಾವು ಬೇರೆಯೇ ತೀರ್ಮಾನ ಕೈಗೊಂಡಿದ್ದೇವೆ. ದಕ್ಷಿಣ ಅಂಚಿನ ಏಳು ಮೈಲಿಯ ಹರ್ಮಿಟ್ ರಸ್ತೆಯಲ್ಲಿ, ಮಾರ್ಚಿನಿಂದ ನವೆಂಬರಿನವರೆಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ, ಸೈಕಲುಗಳಿಗೆ ಇದೆ. ನಮಗೆ ಬೇಕಾದದ್ದು ಅಲ್ಲಿ ಒಂದೇ ದಿನದ ಸವಾರಿ. ಅದಕ್ಕೋಸ್ಕರ ಮರುಭೂಮಿಯ ದೀರ್ಘ ದಾರಿಯುದ್ದಕ್ಕೂ ಹಿಂತುದಿಯಲ್ಲಿ 180 ಪೌಂಡನ್ನು ಕುಣಿಸುತ್ತ ಒಯ್ಯುವುದಕ್ಕಿಂತ 80 ಡಾಲರ್ ಬಾಡಿಗೆ ತೆರುವುದೇ ಮೇಲೆಂದು ಇಬ್ಬರೂ ಒಪ್ಪಿದ್ದೇವೆ. ರ‍್ಯಾಕನ್ನು ಕಳಚಿ ಗ್ಯಾರೇಜಿನಲ್ಲಿಟ್ಟು, ಈ ಸಲ ತೊಟ್ಟಿಯನ್ನು ಪೂರ್ತಿ ತುಂಬಿಸಿಕೊಂಡು ಹೊರಡುತ್ತೇವೆ.