ಈ ‘ಪರಿಹಾರ’ಕ್ಕೆ ಆರ್‌ಟಿಸಿ ಬೇಕಾ?

ಕೊಕ್ಕಡದ ಮನೆಯಲ್ಲಿ ಕೂತು, ಫೋನಿನ ಮೂಲಕ ಒಂದು ಓದು ಬಳಗ ನಡೆಸುತ್ತೇನೆ. ಭೂಮಿಯ ಬಿಸಿ ತಗ್ಗಿಸಲು ಏನೇನು ಮಾಡಬಹುದು ಎಂಬುದೇ ವಿಷಯ. ಫೀಸಿಲ್ಲ, ಸಂಬಳವಿಲ್ಲ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯವರು ಸೇರುತ್ತಾರೆ. ಹನ್ನೆರಡು ವಾರಗಳ ಎರಡು ಸುತ್ತು ಮುಗಿದಿವೆ. ಮೊದಲ ಸುತ್ತು ಪೂರ್ತಿ ನನ್ನ ತಪ್ಪುಗಳದ್ದು. ಅವುಗಳಿಂದ ಕಲಿತದ್ದು ಇಲ್ಲಿದೆ.

1. ಹೆಸರನ್ನು ಊರವರ ಕಿವಿಯಿಂದ ಕೇಳಿ ನೋಡಿ

‘ಹವಾಮಾನ ಪರಿಹಾರ ಬಳಗ’ ಎಂದು ವಾಟ್ಸ್ಯಾಪಿನಲ್ಲಿ ಹಾಕಿದೆ. ಮೊದಲ ಕರೆ ಬಂತು: “ಅಕ್ಕ, ಆರ್‌ಟಿಸಿ ಬೇಕಾ, ಆಧಾರ್ ಸಾಕಾ?” ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆವಿಮೆ ಇರುವ ಜಿಲ್ಲೆ ನಮ್ಮದು. ಇಲ್ಲಿ ಪರಿಹಾರ ಎಂದರೆ ಖಾತೆಗೆ ಬೀಳುವ ದುಡ್ಡು. ಹೆಸರನ್ನು ‘ಬಿಸಿಲು–ಮಳೆ ಬಳಗ’ ಎಂದು ಬದಲಿಸಿದೆ. ಆಮೇಲೆ ಬಂದವರು ಕಡಿಮೆ. ಆದರೆ ಬಂದವರು ಉಳಿದರು.

2. ಹೊತ್ತನ್ನು ತೋಟ, ಹಟ್ಟಿ ಕೇಳಿ ಇಡಿ

ಭಾನುವಾರ ಬೆಳಿಗ್ಗೆ ಇಟ್ಟರೆ ಮದುವೆ, ಗೃಹಪ್ರವೇಶ. ಸಂಜೆ ಆರಕ್ಕೆ ಇಟ್ಟರೆ ಹಾಲು ಕರೆದು ಸೊಸೈಟಿಗೆ ಕೊಡುವ ಹೊತ್ತು. ತಡರಾತ್ರಿ ಆಗದು, ರಬ್ಬರ್ ಟ್ಯಾಪಿಂಗಿನವರು ನಸುಕಿಗೇ ಏಳಬೇಕು. ಕೊನೆಗೆ ಬುಧವಾರ ರಾತ್ರಿ 8ರಿಂದ 8.45 ನಿಂತಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ವಾರ ರಜೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ರೇಂಜೂ ಇಲ್ಲ; ಆದ್ದರಿಂದ ಪ್ರತಿ ಕೂಟದ ಸಾರವನ್ನು ಐದು ನಿಮಿಷದ ವಾಯ್ಸ್ ಮೆಸೇಜಾಗಿ ಕಳಿಸುತ್ತೇನೆ. ಗುಡ್ಡದ ಬದಿಯ ಕೆಲವರು ಬಳಗದಲ್ಲಿ ಉಳಿದದ್ದೇ ಅದರಿಂದ.

3. ಗ್ರಾಫಿಗಿಂತ ಮೊದಲು ಹೊಳೆ

ಮೊದಲ ಸುತ್ತನ್ನು ಇಂಗಾಲದ ಗ್ರಾಫಿನಿಂದ ಶುರು ಮಾಡಿದೆ. ಎಲ್ಲರೂ ಮ್ಯೂಟ್. ಎರಡನೆಯ ಸುತ್ತಿಗೆ 2019ನ್ನು ನೆನಪಿಸಿದೆ. ಆ ವರ್ಷದ ಮೇಯಲ್ಲಿ ನೇತ್ರಾವತಿ ಬತ್ತಿ, ಯಾತ್ರೆ ಮುಂದೂಡಿ ಎಂದು ಧರ್ಮಸ್ಥಳದಿಂದಲೇ ಭಕ್ತರಿಗೆ ಮನವಿ ಹೋಗಿತ್ತು. ಅದೇ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿಯಿತು, ಕೆಳಗೆ ಬಂಟ್ವಾಳದಲ್ಲಿ ಅದೇ ಹೊಳೆ ದಡ ಮೀರಿತು. ಇಷ್ಟು ಹೇಳಿದ್ದೇ ಎಲ್ಲರ ಮೈಕು ಆನ್, ಅರ್ಧ ಮಾತು ತುಳುವಿನಲ್ಲಿ. ಗ್ರಾಫನ್ನು ಮೂರನೆಯ ವಾರ ಅವರೇ ಕೇಳಿದರು.

4. ತಗ್ಗಿಸುವುದು ಬೇರೆ, ತಾಳಿಕೊಳ್ಳುವುದು ಬೇರೆ

“ತೋಡಿಗೆ ಕಟ್ಟ ಹಾಕಿದರೆ ಭೂಮಿ ತಂಪಾಗುತ್ತದೆ” ಎಂದರು ಒಬ್ಬರು. ಕಟ್ಟ, ಮದಕಗಳಿಂದ ಬಾವಿಯ ನೀರು ಏರುತ್ತದೆ, ಬೇಸಗೆ ದಾಟಬಹುದು. ಆದರೆ ಗಾಳಿಯಲ್ಲಿರುವ ಇಂಗಾಲ ಅದರಿಂದ ಕರಗದು. ಗೋಬರ್ ಗ್ಯಾಸಿನ ಲೆಕ್ಕವೇ ಬೇರೆ: ಸಗಣಿ ಕೊಳೆತು ಹುಟ್ಟುವ ಮೀಥೇನನ್ನು ಅದು ಹಿಡಿದು ಉರಿಸುತ್ತದೆ, ಸಿಲಿಂಡರೂ ಉಳಿಯುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನಿನ ಬಿಸಿ ಕಾರ್ಬನ್ ಡೈ ಆಕ್ಸೈಡಿನ ಸುಮಾರು 28 ಪಟ್ಟು. ಕೇಳಿದವರೊಬ್ಬರು ಮೆಲ್ಲಗೆ, “ಹಾಗಾದರೆ ನಮ್ಮ ಗ್ಯಾಸ್ ಡ್ರಮ್ಮಿನ ತೂತು?” ಎಂದರು. ಮುಂದಿನ ಬುಧವಾರದೊಳಗೆ ವೆಲ್ಡಿಂಗಿನವರನ್ನು ಕರೆಸಿದ್ದರು. ಆ ಸುತ್ತಿನಲ್ಲಿ ಮೊದಲು ಆದ ಕೆಲಸ ಅದೇ.

5. ಓದು ನಾಲ್ಕು ಪುಟ, ಗುರು ಪಕ್ಕದ ಪೇಟೆಯವರು

ಪಾಲ್ ಹಾಕನ್ ಸಂಪಾದಿಸಿದ ‘ಡ್ರಾಡೌನ್’ (2017) 80 ಉಪಾಯಗಳನ್ನು ತೂಗಿ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಮೊದಲಿಗಿರುವುದು ಸೋಲಾರ್ ಅಲ್ಲ, ಫ್ರಿಜ್ಜು–ಏಸಿಗಳ ಗ್ಯಾಸನ್ನು ಗಾಳಿಗೆ ಬಿಡದಿರುವುದು. ಅಧ್ಯಾಯವಿಡೀ ಓದಿ ಎಂದರೆ ಯಾರೂ ಓದುವುದಿಲ್ಲ. ನಾಲ್ಕು ಪುಟದ ಸಾರವನ್ನು ಕನ್ನಡದಲ್ಲಿ ಬರೆದು, ಫ್ರಿಜ್ ರಿಪೇರಿಯವರೊಬ್ಬರನ್ನು ಕರೆದೆ. ಹಳೆಯ ಗ್ಯಾಸು ಎಲ್ಲಿ ಹೋಗುತ್ತದೆ ಎಂದು ಕೇಳಿದ್ದಕ್ಕೆ ಅವರು ನಕ್ಕು, “ಮೇಲಕ್ಕೆ” ಎಂದರು. ನಾನು ಒಂದು ಗಂಟೆ ಕೊರೆದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

6. ಅನುಮಾನಕ್ಕೆ ಮೊದಲ ಕುರ್ಚಿ ಕೊಡಿ

ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಗೇರಿಗೆ ಬರುವ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆ ಅದನ್ನೂ ಪರಿಹಾರವೆಂದೇ ತಂದದ್ದು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ನಿಲ್ಲಿಸಿದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಏಳಲಾಗದ ಮಕ್ಕಳಿದ್ದರು. ಹೊಸ ಉಪಾಯ ಎಂದರೆ ಇಲ್ಲಿಯವರು ಹಿಂಜರಿಯುವುದನ್ನು ನಾನು ಮೊದಲು ಅಜ್ಞಾನವೆಂದುಕೊಂಡಿದ್ದೆ. ಅದು ಅನುಭವ.

ಒಂದು ರಾತ್ರಿ ಮಗಳ ಫೋನಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: “ಈ ಪರಿಹಾರಕ್ಕೆ ಮುಂದೆ ಪರಿಹಾರ ಕೇಳಬೇಕಾಗುತ್ತದಾ ಮಗಾ?” ನನ್ನಲ್ಲಿ ಉತ್ತರವಿರಲಿಲ್ಲ. ಈಗ ಪ್ರತಿ ಬುಧವಾರ, ಯಾವ ಉಪಾಯವೇ ಇರಲಿ, ಕೂಟ ಶುರುವಾಗುವುದು ಆ ಪ್ರಶ್ನೆಯಿಂದಲೇ.