ಅಜ್ಜನ ಹೊಲದ ದಾಖಲೆ ಯಾವ ಕಚೇರಿಯಲ್ಲಿ?



ಮೂಡಲಗಿ ಮೊದಲು ಗೋಕಾಕ ತಾಲ್ಲೂಕಿನಲ್ಲೇ ಇತ್ತು. ಹಾಗಾಗಿ ಅಜ್ಜನ ಕಾಲದ ಉತಾರ ಎಲ್ಲಿದೆ ಎಂಬ ನಿಮ್ಮ ಗೊಂದಲ ಸಹಜ. ಮೊದಲು ಮೂಡಲಗಿಯ ತಹಶೀಲ್ದಾರ್ ಕಚೇರಿಯಲ್ಲೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಸಿಕ್ಕರೆ ಅದೇ ಹತ್ತಿರದ ದಾರಿ.

ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿ. ಅಧಿಕಾರಿಯ ಹೆಸರು ಗೊತ್ತಿರಬೇಕಿಲ್ಲ. ‘ಸಾರ್ವಜನಿಕ ಮಾಹಿತಿ ಅಧಿಕಾರಿ, ತಹಶೀಲ್ದಾರ್ ಕಚೇರಿ, ಮೂಡಲಗಿ’ ಎಂದರೆ ಸಾಕು. ದಾಖಲೆ ಗೋಕಾಕದಲ್ಲಿದ್ದರೆ 6(3)ನೇ ಕಲಮಿನಂತೆ ಅವರೇ 5 ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ಈ ಕಲಮನ್ನು ಅರ್ಜಿಯಲ್ಲೇ ನಮೂದಿಸಿ, ಅಲೆದಾಟ ತಪ್ಪುತ್ತದೆ.

ಬಹಳ ಜನ ಎಡವುವುದು ಒಕ್ಕಣೆಯಲ್ಲಿ. ‘ನಮ್ಮ ಹೊಲ ಅವರ ಹೆಸರಿಗೆ ಹೇಗಾಯಿತು?’ ಎಂದು ಕೇಳಬೇಡಿ. ‘ಇಂಥ ಊರಿನ, ಇಂಥ ಸರ್ವೆ ನಂಬರಿನ ಹಕ್ಕು ಬದಲಾವಣೆ ನಮೂದಿನ ನಕಲು ಕೊಡಿ’ ಎಂದು ಬರೆಯಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ಹುಕ್ಕೇರಿಯಲ್ಲಿರುವ ನಿಮ್ಮ ಇನ್ನೊಂದು ಜಮೀನಿಗೆ ಅಲ್ಲಿಯ ಕಚೇರಿಗೇ ಬೇರೆ ಅರ್ಜಿ ಹಾಕಿ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಸ್ವೀಕೃತಿ ಚೀಟಿಯನ್ನು ದಯವಿಟ್ಟು ಜೋಪಾನವಾಗಿಡಿ.