ಕೃತಕ ಬುದ್ಧಿಯೂ ನಮ್ಮ ಹೊಣೆಯೂ

ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದ 1956ನೆಯ ಇಸವಿಯಲ್ಲಿಯೇ ದೂರದ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಲವು ಮಂದಿ ವಿದ್ವಾಂಸರು ಕೂಡಿ, ಯಂತ್ರಕ್ಕೆ ಬುದ್ಧಿ ಕಲಿಸುವುದು ಸಾಧ್ಯವೇ ಎಂದು ಚರ್ಚಿಸಿದರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲಂತೂ ಆ ವಿದ್ಯೆ ಪ್ರಯೋಗಶಾಲೆಯನ್ನು ಬಿಟ್ಟು ನಮ್ಮ ಜೇಬಿನ ಮೊಬೈಲಿಗೇ ಬಂದಿದೆ. ಟೈಪಿಂಗ್, ಲೆಕ್ಕಪಟ್ಟಿ, ಕಚೇರಿಯ ಪತ್ರವ್ಯವಹಾರ ಮೊದಲಾದವನ್ನು ಕಲಿತು ಜೀವನೋಪಾಯ ಕಂಡುಕೊಳ್ಳಬೇಕಾದ ನಾವು ಇದನ್ನು ಬಳಸಬೇಕಾದ ರೀತಿ ಯಾವುದು? ನನಗಾದ ಒಂದು ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಈ ಯಂತ್ರದ ಸ್ವಭಾವವನ್ನು ತಿಳಿಯಬೇಕು. ಅಪಾರವಾದ ಬರಹಗಳನ್ನು ಅದಕ್ಕೆ ಉಣಿಸಿರುತ್ತಾರೆ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಅದು ಅವುಗಳಿಂದ ಕಲಿತು, ಆ ಪ್ರಕಾರ ಉತ್ತರವನ್ನು ಹೆಣೆಯುತ್ತದೆ. ಆದುದರಿಂದ ಅದರ ಮಾತು ಸರಾಗವಾಗಿದೆ ಎಂದ ಮಾತ್ರಕ್ಕೆ ಅದು ಸತ್ಯವೆಂದು ತಿಳಿಯಕೂಡದು. ತಪ್ಪನ್ನು ಹೇಳುವಾಗಲೂ ಅದರ ಧ್ವನಿ ತಡವರಿಸುವುದಿಲ್ಲ.

ಕಳೆದ ರಜೆಯಲ್ಲಿ ಒಂದು ಕಾಫಿ ತೋಟದ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಕಲಿಯಲು ಹೋಗುತ್ತಿದ್ದೆ. ಹಳೆಯ ಮಳೆ ಪುಸ್ತಕವನ್ನು ಮಿಲಿಮೀಟರಿಗೆ ಪರಿವರ್ತಿಸಿ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆಯುವುದು ಎಲ್ಲರಿಗೂ ತಿಳಿದ ವಿಷಯ. ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚಿಗೆ 25.4 ಮಿಲಿಮೀಟರು. ಪುಸ್ತಕದಲ್ಲಿ ‘1-25’, ‘0-8’ ಎಂದು ನಡುವೆ ಅಡ್ಡಗೆರೆ ಹಾಕಿ ಬರೆದಿತ್ತು. ನಾನು ಅಂಕಿಗಳನ್ನು ಹಾಗೆಯೇ ಟೈಪ್ ಮಾಡಿ, ಇಂಥದೊಂದು ಸಾಧನಕ್ಕೆ ಒಪ್ಪಿಸಿದೆ. ಕ್ಷಣಮಾತ್ರದಲ್ಲಿ ಪಟ್ಟಿ ಸಿದ್ಧವಾಯಿತು. ಮೊದಲಿನ ಮೂರು ನಾಲ್ಕು ಸಾಲುಗಳನ್ನು ಗುಣಿಸಿ ನೋಡಿದೆ. 1-25ಕ್ಕೆ 31.75 ಮಿಲಿಮೀಟರು, ಸರಿಯಾಗಿಯೇ ಇತ್ತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ತೋಟದ ರೈಟರು ಪಟ್ಟಿಯನ್ನು ನೋಡಿ, “ಮಾರ್ಚಿ ತಿಂಗಳ ಮೊತ್ತ ತಾಳೆಯಾಗುತ್ತಿಲ್ಲವಲ್ಲ, ಮಗು” ಎಂದರು. ಹುಡುಕಿದಾಗ ವಿಷಯ ಬಯಲಾಯಿತು. ಯಂತ್ರ ಅಡ್ಡಗೆರೆಯನ್ನು ತೆಗೆದು ಚುಕ್ಕೆ ಇಟ್ಟಿತ್ತು. ‘1-25’ ಅದರಿಂದ ಕೆಡಲಿಲ್ಲ. ಆದರೆ ಎಂಟು ಸೆಂಟು, 0.08 ಇಂಚು ಆಗುವ ಬದಲು 0.8 ಇಂಚಾಗಿ, ಎರಡು ಮಿಲಿಮೀಟರಿನ ತುಂತುರು ಇಪ್ಪತ್ತು ಮಿಲಿಮೀಟರಿನ ಮಳೆಯಾಗಿ ಕುಳಿತಿತ್ತು! ಮಾರ್ಚಿಯ ಹೂಮಳೆಯ ಮೇಲೆ ಕಾಫಿಯ ಫಸಲೇ ನಿಂತಿದೆ. ಆ ಮಳೆ ಸಾಲದಿದ್ದರೆ ಸ್ಪ್ರಿಂಕ್ಲರಿನಿಂದ ನೀರು ಕೊಡಬೇಕು. ಅಂಥ ಲೆಕ್ಕವನ್ನು ನಂಬಿ ನೀರಿನ ಏರ್ಪಾಡು ಮಾಡುವವರ ಗತಿಯೇನು? ಸೆಂಟೆಂದರೆ ಏನೆಂದು ನಾನು ಯಂತ್ರಕ್ಕೆ ಹೇಳಿರಲಿಲ್ಲ; ಅದು ನನ್ನನ್ನು ಕೇಳಲೂ ಇಲ್ಲ. ತಪ್ಪು ನನ್ನದೇ.

ಇನ್ನೊಂದು ದಿನ ಕೂಲಿಯ ಪಟ್ಟಿ ನನ್ನ ಕೈಗೆ ಬಂತು. ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಅದರಲ್ಲಿದ್ದವು. ಅದನ್ನೂ ಯಂತ್ರಕ್ಕೆ ಹಾಕಿಬಿಡುವವನಿದ್ದೆ. ಅಷ್ಟರಲ್ಲಿ ನನ್ನ ತಾಯಿಯ ಹೆಸರು ಕಣ್ಣಿಗೆ ಬಿತ್ತು. ಕೈ ತಾನಾಗಿ ನಿಂತಿತು. ಅಮ್ಮನ ಖಾತೆಯ ಸಂಖ್ಯೆಯನ್ನು ದಾರಿಹೋಕರಿಗೆ ಓದಿ ಹೇಳುತ್ತೇನೆಯೇ? ಹಾಗಾದರೆ ಉಳಿದವರದನ್ನು ಮಾತ್ರ ಹೇಗೆ ಹೇಳಲಿ? 2023ರಲ್ಲಿ ನಮ್ಮ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿರುವುದೂ ಇಂಥ ಮಾಹಿತಿಯ ರಕ್ಷಣೆಗಾಗಿಯೇ. ಆದರೆ ಅಂದು ನನ್ನನ್ನು ತಡೆದದ್ದು ಕಾಯಿದೆಯಲ್ಲವೆಂದು ಒಪ್ಪಿಕೊಳ್ಳಬೇಕು.

ಇವುಗಳಿಂದ ನಾನು ಕಲಿತ ಪಾಠಗಳು ನಾಲ್ಕು. ಒಂದನೆಯದು, ನಮ್ಮ ನಾಡಿನ ಅಳತೆ, ರೂಢಿಗಳನ್ನು ಯಂತ್ರಕ್ಕೆ ಮೊದಲೇ ಬಿಡಿಸಿ ಹೇಳಬೇಕು. ಎರಡನೆಯದು, ಸುಲಭವಾದ ಸಾಲುಗಳನ್ನಲ್ಲ, ತೊಡಕಿನ ಸಾಲುಗಳನ್ನು ಆರಿಸಿ ಪರೀಕ್ಷಿಸಿ, ಮೊತ್ತವನ್ನು ಮೂಲದೊಡನೆ ತಾಳೆ ನೋಡಬೇಕು. ಮೂರನೆಯದು, ಪರರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಯಂತ್ರಕ್ಕೆ ಕೊಡಕೂಡದು. ನಾಲ್ಕನೆಯದು, ಯಂತ್ರದ ನೆರವು ಪಡೆದಿದ್ದರೆ ಹಾಗೆಂದು ಮರೆಮಾಚದೆ ಹೇಳಬೇಕು. ಇವೆಲ್ಲಕ್ಕೂ ಮುಂಚೆ ಆ ಕೆಲಸವನ್ನು ಕೈಯಿಂದ ಮಾಡಲು ಕಲಿತಿರಬೇಕು. ರೈಟರು ತಪ್ಪನ್ನು ಹಿಡಿದದ್ದು ಕಂಪ್ಯೂಟರ್ ಬಲ್ಲವರಾದುದರಿಂದಲ್ಲ, ಮಳೆಯನ್ನು ಬಲ್ಲವರಾದುದರಿಂದ.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಯಂತ್ರವನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ತಿದ್ದಿದ ಮೇಲೆ ಆ ಪಟ್ಟಿಯನ್ನು ಮುಗಿಸಿದ್ದು ಅದರ ನೆರವಿನಿಂದಲೇ. ಆದರೆ ಪಟ್ಟಿಯ ಕೆಳಗೆ ರುಜು ಹಾಕುವವರು ನಾವು. ರುಜು ನಮ್ಮದಾದ ಮೇಲೆ ಹೊಣೆಯೂ ನಮ್ಮದೇ ಅಲ್ಲವೇ?